ಕೆಟ್ಟ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಲು ಬಿಡಬೇಡಿ

ಕಲಬುರಗಿಯ ದಾಲ್ ಮಿಲ್, ಅಡತ್ ಅಂಗಡಿಗಳಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೇ ತಿಂಗಳ ಬಿಸಿಲಲ್ಲಿ ನಮ್ಮ ಮಿಲ್ಲಿನ ಸರ್ವರ್ ಕೆಟ್ಟಿತು. ಆದರೆ ಹೆಚ್ಚಿನ ನಷ್ಟವಾದದ್ದು ರಿಪೇರಿಗೆ ಬಂದವರಿಂದ.

ಮೂರು ಡಿಸ್ಕ್, ರೇಡ್ 5, ಅಂದರೆ ಡೇಟಾವನ್ನು ಮೂರರಲ್ಲೂ ಹಂಚಿಡುವ ಜೋಡಣೆ. ಒಂದು ಹೋದರೆ ಡೇಟಾ ಉಳಿಯುತ್ತದೆ, ಎರಡು ಹೋದರೆ ಇಲ್ಲ. ಒಂದು ಹೋಯಿತು, ಹೊಸದು ಹಾಕಿ ರೀಬಿಲ್ಡ್ ಶುರು ಮಾಡಿದರು. ರೀಬಿಲ್ಡ್ ಅಂದರೆ ಉಳಿದ ಡಿಸ್ಕ್‌ಗಳನ್ನು ಪೂರ್ತಿ ಓದಿ ಹೊಸದನ್ನು ತುಂಬುವ ಕೆಲಸ. ಅವೂ ಅದೇ ವಯಸ್ಸಿನವು, ಅದೇ ಬಿಸಿಯಲ್ಲಿ ಓಡಿದವು. ನಡುವೆಯೇ ಎರಡನೆಯದು ಟಕ್ ಟಕ್ ಎನ್ನತೊಡಗಿತು.

ಆಗಲೇ ಪವರ್ ತೆಗೆಯಬೇಕಿತ್ತು. ಬಂದವರು "ಏನೂ ಆಗಂಗಿಲ್ರಿ ಸಾವ್ಕಾರ್ರೆ, ಈಗ ಚಾಲೂ ಮಾಡಿ ಕೊಡ್ತೀನಿ" ಎಂದು ಆ ಡಿಸ್ಕನ್ನು ಬಲವಂತವಾಗಿ ಆನ್‌ಲೈನ್‌ಗೆ ತಂದು, ಅದರ ಮೇಲೆ ಚೆಕ್‌ಡಿಸ್ಕ್ ಓಡಿಸಿದರು. ವಿಂಡೋಸ್‌ನ ಈ ರಿಪೇರಿ ಪ್ರೋಗ್ರಾಂ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂಬ ವ್ಯವಸ್ಥೆ) ಸರಿಮಾಡುತ್ತದೆಯೇ ಹೊರತು ನಿಮ್ಮ ಡೇಟಾ ಉಳಿಸುವುದಿಲ್ಲ. ಆಮೇಲೆ ಲೆಕ್ಕವಿದ್ದ ಡೇಟಾಬೇಸ್ ಮೈಎಸ್‌ಕ್ಯೂಎಲ್ ಏಳಲಿಲ್ಲವೆಂದು, ನಕಲು ತೆಗೆಯದೆ, ಅದನ್ನು ಬಲವಂತವಾಗಿ ಏಳಿಸುವ ಇನ್ನೋಡಿಬಿ ಫೋರ್ಸ್ ರಿಕವರಿ ಎಂಬ ಸೆಟ್ಟಿಂಗನ್ನು ನೇರ 6ಕ್ಕೆ ಇಟ್ಟರು. 4 ಮತ್ತು ಅದರ ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಹುದೆಂದು ಮೈಎಸ್‌ಕ್ಯೂಎಲ್ ಕೈಪಿಡಿಯಲ್ಲೇ ಬರೆದಿದೆ.

ಬ್ಯಾಕಪ್? ಇತ್ತು, ಅದೇ ರೇಡ್‌ನ ಡಿ ಡ್ರೈವ್‌ನಲ್ಲಿ! ವರ್ಷವರ್ಷ ಹಣ ತೆಗೆದುಕೊಂಡು "ಬ್ಯಾಕಪ್ ಐತ್ರಿ" ಎನ್ನುತ್ತಿದ್ದವರ ಕೆಲಸವಿದು. ನನಗೆ ಇದಕ್ಕೇ ಹೆಚ್ಚು ಸಿಟ್ಟು. ಗಿರಾಕಿಗಳ ಹೆಸರುಗಳು ಸಿಕ್ಕವು, ತೊಗರಿ ಹಂಗಾಮಿನ ತೂಕ, ಬಾಕಿ ಹೋದವು. ಚಿತ್ತಾಪುರ, ಅಫಜಲಪುರದ ಕಡೆಯ ರೈತರು ಜೋಪಾನ ಮಾಡಿದ್ದ ಚೀಟಿಗಳನ್ನು ತಂದುಕೊಟ್ಟರು. ಅವನ್ನು ನೋಡಿಯೇ ಖಾತೆ ಮತ್ತೆ ಕಟ್ಟುತ್ತಿದ್ದೇವೆ.

ಡಿಸ್ಕ್ ಸದ್ದು ಮಾಡಿದರೆ ಸರ್ವರ್ ಆರಿಸಿ, ಯಾವುದು ಯಾವ ಸ್ಲಾಟಿನದು ಎಂದು ಡಿಸ್ಕಿನ ಮೇಲೆಯೇ ಬರೆಯಿರಿ. ರೇಡ್ ನಡೆಸುವ ಕಂಟ್ರೋಲರ್ ಇನಿಶಿಯಲೈಸ್ (ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸುವುದು) ಕೇಳಿದರೆ ಒಪ್ಪಬೇಡಿ. ಡಿಸ್ಕ್ ಓದಲು ಬರುವಂತಿದ್ದರೆ ಮೊದಲು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಪ್ರತಿ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ಬೇರೆ ಡಿಸ್ಕಿಗೆ ತೆಗೆಸಿ. ಅದು ಚೆನ್ನಾಗಿರುವ ಭಾಗ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ರೇಡ್ ಜೋಡಿಸುವುದು, ಫೋರ್ಸ್ ರಿಕವರಿಯನ್ನು 1ರಿಂದ ಏರಿಸುತ್ತ ಟೇಬಲ್‌ಗಳನ್ನು ಡಂಪ್ ಮಾಡುವುದು (ಫೈಲಿಗೆ ಹೊರತೆಗೆಯುವುದು), ಎಲ್ಲವೂ ನಕಲಿನ ಮೇಲೆ. "ಮೊದಲು ಇಮೇಜ್ ತೆಗೀತೀರೇನು?" ಎಂದರೆ ತಡವರಿಸುವವರ ಕೈಗೆ ಡಿಸ್ಕ್ ಕೊಡಬೇಡಿ.

ನಿಮ್ಮ ಬ್ಯಾಕಪ್ ಯಾವ ಯಂತ್ರದಲ್ಲಿದೆ ಎಂದು ಇವತ್ತೇ ಕೇಳಿ. ಅದನ್ನು ಬೇರೊಂದು ಕಂಪ್ಯೂಟರಿಗೆ ತುಂಬಿಸಿ, ನಿನ್ನೆಯ ಒಂದು ತೂಕದ ಚೀಟಿ ತೆಗೆದು ತೋರಿಸಲು ಹೇಳಿ.