52 ಸಾವಿರ ಮೈಲಿಯ ಬಾಕ್ಸ್‌ಸ್ಟರ್, 1 ಲಕ್ಷ 48 ಸಾವಿರ ಮೈಲಿಯ ಬಾಕ್ಸ್‌ಸ್ಟರ್: ಯಾವುದಕ್ಕೆ ಎಷ್ಟು ಕೊಡಬೇಕು?

ಮೊದಲೇ ಹೇಳಿಬಿಡುತ್ತೇನೆ. ಪೋರ್ಷೆ ಕಂಪನಿಯ ಬಾಕ್ಸ್‌ಸ್ಟರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಎರಡು ಸಲ, ಎರಡೂ ಹಳೆಯವನ್ನೇ, ಕೊಂಡವನು ನಾನು. ಎರಡರಲ್ಲಿ ನನ್ನ ಮೆಚ್ಚಿನದು 1 ಲಕ್ಷ 48 ಸಾವಿರ ಮೈಲಿ ಓಡಿದ ಗಾಡಿಯೇ. ಎರಡು ವರ್ಷಗಳಿಂದ ಅದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಯ ಮುಂದೆ ನಿಲ್ಲುತ್ತಿದೆ. 52 ಸಾವಿರ ಮೈಲಿಯದನ್ನು ಹತ್ತು ತಿಂಗಳು ಇಟ್ಟುಕೊಂಡು, 6,950 ಡಾಲರ್ ಕಳೆದುಕೊಂಡು ಮಾರಿದೆ. ಹಳೆಯ ಸ್ಪೋರ್ಟ್ಸ್ ಕಾರಿಗೆ ಎಷ್ಟು ಕೊಡಬೇಕೆಂದು ನನಗೆ ಕಲಿಸಿದ್ದು ಆ ಹತ್ತು ತಿಂಗಳುಗಳು. ನಡುವೆ ಇದೇ ಬಗೆಯ ಮಾಜ್ದಾ ಎಂಎಕ್ಸ್-5 ಮತ್ತು ಹೋಂಡಾ ಎಸ್2000 ಗಾಡಿಗಳನ್ನೂ ಓಡಿಸಿ ನೋಡಿದೆ, ಅವುಗಳ ವಿಷಯವೂ ಇಲ್ಲಿದೆ.

ನನ್ನ ಒಟ್ಟು ಬಜೆಟ್ 13 ಸಾವಿರ ಡಾಲರ್. ವಾರಕ್ಕೆ ಎರಡು ದಿನ 280 ಹೆದ್ದಾರಿಯಲ್ಲಿ ಒಂದೊಂದು ಗಂಟೆಯ ಓಡಾಟ, ಶನಿವಾರ ಬೆಳಿಗ್ಗೆ ಸ್ಕೈಲೈನ್ ರಸ್ತೆಯ ತಿರುವುಗಳು. ಗಾಡಿಯನ್ನು ಒರೆಸಿ ಹೊದಿಕೆ ಹಾಕಿ ಇಡುವವನಲ್ಲ ನಾನು, ಓಡಿಸುವವನು. ನನ್ನ ತೀರ್ಪು ನಿಂತಿರುವುದು ಈ ಅಭ್ಯಾಸದ ಮೇಲೆ.

ಮೊದಲ ಗಾಡಿ, ಅಂದರೆ 52 ಸಾವಿರ ಮೈಲಿಯದು, 2001ರ ಬೆಳ್ಳಿ ಬಣ್ಣದ ಬಾಕ್ಸ್‌ಸ್ಟರ್. 2022ರ ಸೆಪ್ಟೆಂಬರಿನಲ್ಲಿ ಮಾರುವವರು 12,500 ಡಾಲರ್ ಕೇಳಿದ್ದರು, 11,500ಕ್ಕೆ ಕೊಟ್ಟರು. ಗ್ಯಾರೇಜಿನಿಂದ ಹೊರಗೆ ಬಂದದ್ದೇ ಅಪರೂಪ ಎಂದರು. ‘ಡಾಕ್ಟರ್ ಓಡಿಸಿದ ಗಾಡಿ, ಒಬ್ಬರೇ ಮಾಲೀಕರು, ಕಡಿಮೆ ಓಡಿದೆ’ ಎಂಬ ಜಾಹೀರಾತುಗಳನ್ನು ಬೆಂಗಳೂರಿನಲ್ಲಿ ಓದುತ್ತ ಬೆಳೆದವನಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ. ಪರೀಕ್ಷೆಗೆ ಮೆಕ್ಯಾನಿಕ್ ಕೇಳುವ 300 ಡಾಲರ್ ಉಳಿಸಿದೆ. ಬಣ್ಣ ಹೊಳೆಯುತ್ತಿತ್ತು, ಟೈರುಗಳ ಗೀರುಗಳು ಸವೆಯದೆ ಹೊಸದರಂತೆ ಆಳವಾಗಿದ್ದವು.

ಆಮೇಲೆ ಬಂದದ್ದು 2023ರ ಜನವರಿ. ಆ ಚಳಿಗಾಲ ಕ್ಯಾಲಿಫೋರ್ನಿಯಾದಲ್ಲಿ ಇದ್ದವರಿಗೆ ನೆನಪಿರುತ್ತದೆ, ಪೆಸಿಫಿಕ್ ಸಾಗರದಿಂದ ಒಂದರ ಹಿಂದೆ ಒಂದು ಮಳೆಯ ಪಟ್ಟಿಗಳು ಬಂದು ವಾರಗಟ್ಟಲೆ ಸುರಿದವು. ಗಾಡಿ ರೆಡ್‌ವುಡ್ ಮರದ ಕೆಳಗೆ ತೆರೆದ ಜಾಗದಲ್ಲಿತ್ತು. ಒಂದು ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿತು. ಆರಿಸಿ ಬಂದೆ, ಮತ್ತೆ ಕೂಗಿತು. ಬೆಳಿಗ್ಗೆ ನೋಡಿದರೆ ಬಾಗಿಲುಗಳು ತಾವಾಗಿಯೇ ಲಾಕ್ ಆಗುತ್ತಿದ್ದವು, ತೆರೆಯುತ್ತಿದ್ದವು. ಕೀಲಿ ತಿರುಗಿಸಿದರೆ ಎಲ್ಲ ದೀಪಗಳೂ ಹತ್ತುತ್ತವೆ, ಸ್ಟಾರ್ಟರ್ ಮಾತ್ರ ತಿರುಗುವುದಿಲ್ಲ. ಬ್ಯಾಟರಿ ಇರಬೇಕೆಂದು ಹೊಸದು ಹಾಕಿದೆ. ಏನೂ ಆಗಲಿಲ್ಲ.

ಚಾಲಕನ ಸೀಟಿನ ಕೆಳಗೆ ಕೈ ಇಟ್ಟಾಗ ಕಾರ್ಪೆಟ್ ಸ್ಪಂಜಿನಂತೆ ನೀರು ಬಿಟ್ಟಿತು.

ಈ ಮಾದರಿಯ ಬಟ್ಟೆಯ ಚಾವಣಿ ಮಡಚಿ ಕೂರುವ ಜಾಗದ ಎರಡೂ ಬದಿಯಲ್ಲಿ ನೀರು ಹೊರಹೋಗುವ ಕಿರಿದಾದ ರಂಧ್ರಗಳಿವೆ. ಅವುಗಳಲ್ಲಿ ಎಲೆ, ದೂಳು, ಮರದ ಸೂಜಿಗಳು ಸೇರಿ ಕೆಸರಾದರೆ ನೀರು ಹೊರಗೆ ಹೋಗುವ ಬದಲು ಒಳಗೆ ಇಳಿಯುತ್ತದೆ. ಅದು ಹೋಗಿ ನಿಲ್ಲುವ ತಗ್ಗಿನಲ್ಲೇ, ಚಾಲಕನ ಸೀಟಿನ ಅಡಿಯಲ್ಲಿ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಪೆಟ್ಟಿಗೆ ಇದೆ. ಆ ಪೆಟ್ಟಿಗೆ ಕೀಲಿಯನ್ನು ಗುರುತಿಸದಿದ್ದರೆ ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಗಾಡಿ ಕದಲುವುದಿಲ್ಲ. ನಾನು ರಂಧ್ರದೊಳಗೆ ಬೆರಳು ಹಾಕಿದಾಗ ಸಿಕ್ಕಿದ್ದು ಕಪ್ಪಗೆ ಕೊಳೆತ ಗೊಬ್ಬರ. ರೆಡ್‌ವುಡ್‌ನ ನಾಲ್ಕು ತಿಂಗಳ ಸೂಜಿಗಳು ಅಷ್ಟು ಕಪ್ಪಾಗುವುದಿಲ್ಲ, ಅದು ಹತ್ತಾರು ವರ್ಷಗಳ ಸಂಗ್ರಹ. ಇದು ತಯಾರಿಸಿದವರ ತಪ್ಪಲ್ಲ, ವರ್ಷಕ್ಕೊಮ್ಮೆ ಐದು ನಿಮಿಷ ಕೊಡದೆ ಇಟ್ಟವರ ತಪ್ಪು. ಕೊಳ್ಳುವ ದಿನ ಒಂದು ಚೊಂಬು ನೀರು ಸುರಿದು ಅದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳುತ್ತದೆಯೇ ಎಂದು ನೋಡದ ನನ್ನ ತಪ್ಪೂ ಹೌದು.

ಹೊಸ ಪೆಟ್ಟಿಗೆ ತಂದು ಚುಚ್ಚಿದರೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಆ ಗಾಡಿಯ ಗುಪ್ತ ಸಂಖ್ಯೆಗಳನ್ನು ತುಂಬಿಸಿ ಕೀಲಿಗಳನ್ನು ಪರಿಚಯಿಸಬೇಕು, ಅದಕ್ಕೆ ತಕ್ಕ ಉಪಕರಣ ಇರುವ ಕಡೆಗೇ ಹೋಗಬೇಕು, ಮತ್ತು ಗಾಡಿ ತಾನಾಗಿ ಹೋಗುವುದಿಲ್ಲ, ಎತ್ತಿಕೊಂಡು ಹೋಗಬೇಕು. ಸಾಗಣೆ, ಪೆಟ್ಟಿಗೆ, ತುಕ್ಕು ಹಿಡಿದ ವೈರುಗಳು ಎಲ್ಲ ಸೇರಿ 1,900 ಡಾಲರ್. ಮೂರು ವಾರ ಗಾಡಿ ಇರಲಿಲ್ಲ. ಸೀಟುಗಳನ್ನು ಬಿಚ್ಚಿ, ಕಾರ್ಪೆಟ್ ಎತ್ತಿ, ಫ್ಯಾನ್ ಇಟ್ಟು ಒಣಗಿಸಿದರೂ ಒಳಗಿನ ಹಳಸಿದ ವಾಸನೆ ಮಾರುವ ದಿನದವರೆಗೂ ಪೂರ್ತಿ ಹೋಗಲಿಲ್ಲ. ‘ಇದನ್ನು ಮಾರಿಬಿಡಿ, ಮಗುವನ್ನು ಇದರಲ್ಲಿ ಕೂರಿಸಬೇಡಿ’ ಎಂದಳು ಹೆಂಡತಿ. ಅವಳ ಮಾತು ಸರಿಯಾಗಿತ್ತು.

ಅಷ್ಟರಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ತುಂಬುವ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟು 700 ಡಾಲರ್ ಆಯಿತು. ಪ್ಲಾಸ್ಟಿಕ್ಕಿಗೆ ವಯಸ್ಸಾಗುವುದು ಮೈಲಿಯಿಂದಲ್ಲ, ವರ್ಷಗಳಿಂದ. ಆಳವಾದ ಗೀರಿನ ಟೈರುಗಳ ಬದಿಯಲ್ಲಿ 3513 ಎಂಬ ಅಂಕಿ ಇತ್ತು, ಅಂದರೆ 2013ರ 35ನೆಯ ವಾರದಲ್ಲಿ ತಯಾರಾದವು. ರಬ್ಬರು ಕಲ್ಲಾಗಿತ್ತು. ಅದಕ್ಕೆ 850. ಗಾಡಿಯನ್ನು ಕೊನೆಗೆ, ನೀರಿನ ವಿಷಯ ಮುಚ್ಚಿಡದೆ, 8,000ಕ್ಕೆ ಮಾರಿದೆ. ಓಡಿಸಿದ್ದು 3,100 ಮೈಲಿ. ಮೈಲಿಗೆ 2 ಡಾಲರಿಗಿಂತ ಹೆಚ್ಚು ಬಿತ್ತು, ತೆರಿಗೆ ಬಿಟ್ಟು.

ಎರಡನೆಯ ಸಲ ಓಡೋಮೀಟರ್ ನೋಡುವ ಮೊದಲು ರಸೀದಿಗಳ ಕಡತ ಕೇಳಿದೆ. 2003ರ ಬಾಕ್ಸ್‌ಸ್ಟರ್ ಎಸ್ (ಹೆಚ್ಚು ಶಕ್ತಿಯ ಎಂಜಿನ್ನಿನ ಮಾದರಿ), 1,48,200 ಮೈಲಿ, 10,500 ಡಾಲರ್ ಎಂಬ ಜಾಹೀರಾತು ಎರಡು ತಿಂಗಳಿಂದ ಹಾಗೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮಾರುವವರು ಸ್ಯಾಕ್ರಮೆಂಟೊದಿಂದ ಬೇ ಏರಿಯಾಕ್ಕೆ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಪ್ರದೇಶ) ವಾರಕ್ಕೆ ಮೂರು ಸಲ ಅದರಲ್ಲೇ ಓಡಾಡುತ್ತಿದ್ದವರು. ಕಡತ ಎರಡು ಬೆರಳು ದಪ್ಪವಿತ್ತು.

ಅದರಲ್ಲಿ ನಾನು ಹುಡುಕಿದ್ದು ಒಂದೇ ಪುಟ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ದಂಡ) ಕ್ಯಾಮ್‌ಗಳಿಗೆ (ಕವಾಟಗಳನ್ನು ತೆರೆಯುವ ದಂಡಗಳು) ಚಲನೆ ಒಯ್ಯುವ ನಡು ದಂಡವೊಂದಿದೆ. ಅದರ ತುದಿಯ ಬೇರಿಂಗ್ ಸೋತರೆ ಎಂಜಿನ್ ಮುಗಿಯಿತು, ರಿಪೇರಿಯ ಮಾತೇ ಇಲ್ಲ. 2001ರ ಮಧ್ಯದಿಂದ 2005ರ ಆರಂಭದವರೆಗೆ ತಯಾರಾದ ಗಾಡಿಗಳ ಬಗ್ಗೆ ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆ ನಡೆದು ರಾಜಿಯಾದದ್ದೂ ಈ ಬೇರಿಂಗಿನಿಂದಲೇ. ಗೇರ್‌ಬಾಕ್ಸ್ ಇಳಿಸಿದಾಗ ಮಾತ್ರ ಅದಕ್ಕೆ ಕೈ ಸಿಗುತ್ತದೆ, ಆದ್ದರಿಂದ ತಿಳಿದವರು ಕ್ಲಚ್ ಬದಲಿಸುವಾಗಲೇ ಬೇರಿಂಗ್ ಮತ್ತು ಹಿಂದಿನ ಆಯಿಲ್ ಸೀಲನ್ನೂ ಬದಲಿಸುತ್ತಾರೆ. ಮೂರೂ 1,12,000 ಮೈಲಿಯಲ್ಲಿ ಆಗಿದ್ದವು. ನನಗೆ ಸಿಕ್ಕಿದ್ದ ಅಂದಾಜಿನಲ್ಲಿ ಆ ಕೆಲಸವೊಂದೇ 3,200 ಡಾಲರ್. ನನ್ನ ಮೊದಲ ಗಾಡಿಯಲ್ಲಿ ಅದು ಆಗಿರಲಿಲ್ಲ, ಆದರೂ ಅದಕ್ಕೆ ಹೆಚ್ಚು ಹಣ ಕೊಟ್ಟಿದ್ದೆ.

ಈ ಸಲ 300 ಡಾಲರ್ ಕೊಟ್ಟು ಪರೀಕ್ಷೆ ಮಾಡಿಸಿದೆ. ಮೆಕ್ಯಾನಿಕ್ ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಲೋಹದ ಚೂರುಗಳಿಗಾಗಿ ನೋಡಿದರು. ಇರಲಿಲ್ಲ. ಆಮೇಲೆ ಎಂಜಿನ್ನಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿದರು. ಎಂಜಿನ್ ಮಿತಿ ಮೀರಿ ಎಷ್ಟು ಸಲ ಸುತ್ತಿದೆ, ತಪ್ಪು ಗೇರಿಗೆ ಹಾಕಿ ಹಿಂಸಿಸಿದ್ದು ಕೊನೆಯ ಸಲ ಯಾವಾಗ, ಒಟ್ಟು ಎಷ್ಟು ಗಂಟೆ ಓಡಿದೆ, ಎಲ್ಲ ಅಲ್ಲಿ ದಾಖಲಾಗಿರುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿ ಎಂದರು ಅವರು. 1,48,200 ಮೈಲಿ, 3,410 ಗಂಟೆ: ಸರಾಸರಿ ವೇಗ ಗಂಟೆಗೆ 43 ಮೈಲಿ. ಹೆದ್ದಾರಿಯಲ್ಲಿ ಹದವಾಗಿ ಬಿಸಿಯಾಗಿ ಓಡಿದ ಎಂಜಿನ್. ಮೊದಲ ಗಾಡಿಯನ್ನು ಮಾರುವ ಮುಂಚೆ ಓದಿಸಿದ್ದಾಗ ಬಂದ ಲೆಕ್ಕ ಗಂಟೆಗೆ 21 ಮೈಲಿ. ಎರಡು ಬೀದಿ ಹೋಗಿ ತಣ್ಣಗಾಗಿಯೇ ಹಿಂದೆ ಬಂದ ಎಂಜಿನ್ ಅದು.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಆಮೇಲೂ ನಡೆಸಿ ನೋಡದೆ ಟವಲಿನ ಕೆಳಗೆ ಬೆರಳು ಕೊಡುತ್ತಿರಲಿಲ್ಲ. ಹೆಗಲ ಮೇಲೆ ನೊಗದ ಗುರುತೇ ಇಲ್ಲದ, ಕಟ್ಟಿ ಮೇಯಿಸಿದ ಎತ್ತಿಗೆ ದರವನ್ನೇ ಹೇಳುತ್ತಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ನಿಂತಾಗ ಅವರೇ ಕಣ್ಣ ಮುಂದೆ ಬಂದರು.

ದರಕ್ಕೆ ಬಂದದ್ದು ಹೀಗೆ. ಎಲ್ಲ ಕೆಲಸ ಮುಗಿದ, ಇದೇ ವಯಸ್ಸಿನ ಎಸ್ ಮಾದರಿಗೆ ಆಗ ನಮ್ಮ ಕಡೆ 12,000 ಇತ್ತು. ಈ ಗಾಡಿಯಲ್ಲಿ ಬಾಕಿ ಇದ್ದದ್ದು: ಮೊದಲಿನಿಂದ ಬಂದ ಶಾಕ್ ಅಬ್ಸಾರ್ಬರುಗಳು 2,400, ಹಿಂದಿನ ಎರಡು ಟೈರು 450, ಚಾವಣಿ ಎಳೆಯುವ ಕೇಬಲ್‌ಗಳು 500. ಕಳೆದರೆ 8,650 ಉಳಿಯಿತು. ನಾನು 8,300 ಹೇಳಿದೆ, ಅಂದಾಜು ಚೀಟಿಯನ್ನು ಅವರ ಕೈಗೇ ಕೊಟ್ಟೆ. 8,600ಕ್ಕೆ ಕುದುರಿತು. ಮೈಲಿಗಾಗಿ ಬೇರೆ ಒಂದು ಡಾಲರನ್ನೂ ಕಳೆಯಲಿಲ್ಲ, ಏಕೆಂದರೆ ಸವೆದದ್ದನ್ನು ಒಂದೊಂದಾಗಿ ಎಣಿಸಿಯಾಗಿತ್ತು. ಮೋಟಾರು ವಾಹನ ಇಲಾಖೆಯಲ್ಲಿ ಕಟ್ಟುವ ತೆರಿಗೆ 9 ಪ್ರತಿಶತಕ್ಕಿಂತ ಹೆಚ್ಚು, ಅದನ್ನು ಮೊದಲೇ ಪಕ್ಕಕ್ಕೆ ಇಟ್ಟಿದ್ದೆ.

ಈ ಗಾಡಿ ಫಿನ್ಲೆಂಡಿನಲ್ಲಿ ತಯಾರಾದದ್ದು. ಆ ಕಾಲದ ಬಾಕ್ಸ್‌ಸ್ಟರುಗಳಲ್ಲಿ ಅನೇಕವು ಉಸಿಕೌಪುಂಕಿ ಎಂಬ ಊರಿನ ಕಾರ್ಖಾನೆಯಿಂದ ಬಂದವು, ಚಾಸಿ ಸಂಖ್ಯೆಯ ಹನ್ನೊಂದನೆಯ ಅಕ್ಷರ ‘ಯು’ ಎಂದಿರುತ್ತದೆ. ಜರ್ಮನಿಯದೇ ಬೇಕು ಎಂದು ಕೆಲವರು ಹೆಚ್ಚು ಕೊಡುತ್ತಾರೆ. ನಾನು ಕೊಡುವುದಿಲ್ಲ.

ಮಾಜ್ದಾ ಎಂಎಕ್ಸ್-5: ಗೆಳೆಯರದು, 2008ರದು, 97 ಸಾವಿರ ಮೈಲಿ, 9,200ಕ್ಕೆ ಕೊಡುತ್ತೇನೆಂದಿದ್ದರು. ಒಂದು ವಾರ ನನ್ನ ಬಳಿಯೇ ಇತ್ತು. ಖರ್ಚು ಎಣಿಸುವುದೇ ಮುಖ್ಯವಾದರೆ ಇದನ್ನೇ ಕೊಳ್ಳಿ, ಎರಡನೆಯ ಮಾತಿಲ್ಲ. 1989ರಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಗಾಡಿ, ಬಿಡಿ ಭಾಗಗಳಿಗೆ ಬರವಿಲ್ಲ. ಇದರ ಚಾವಣಿಯ ನೀರಿನ ದಾರಿಗಳೂ ಕಟ್ಟಿಕೊಳ್ಳುತ್ತವೆ, ಇಲ್ಲಿಯೂ ಒಂದು ಚೊಂಬು ನೀರು ಸುರಿದು ನೋಡಿ. ನನಗೆ ಒಗ್ಗದೇ ಇದ್ದದ್ದು 280 ಹೆದ್ದಾರಿ. ಚಾವಣಿ ಮುಚ್ಚಿದರೂ ಗಾಳಿಯ ಸದ್ದಿನಲ್ಲಿ ಫೋನಿನ ಮಾತು ಕೇಳಿಸುವುದಿಲ್ಲ, ಒಂದು ಗಂಟೆಯ ಮೇಲೆ ತಲೆ ಭಾರವಾಗುತ್ತದೆ. ಬಾಕ್ಸ್‌ಸ್ಟರಿನಲ್ಲಿ ಎಂಜಿನ್ ನಡುವೆ ಇರುವುದರಿಂದ ಮುಂದೊಂದು ಹಿಂದೊಂದು ಡಿಕ್ಕಿ. ಮುಂದಿನದರಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ, ಹಿಂದಿನದರಲ್ಲಿ ತರಕಾರಿ. ವಾರದ ಸಾಮಾನಿಗೆ ಬೇರೆ ಗಾಡಿ ತೆಗೆಯಬೇಕಿಲ್ಲ.

ಎಸ್2000 ಗಾಡಿಯ ಗೇರು ಇವೆಲ್ಲಕ್ಕಿಂತ ಮೇಲು. ಸ್ಕೈಲೈನ್‌ನಲ್ಲಿ ಒಂದು ಗಂಟೆ ಓಡಿಸಿದೆ, ಗೇರು ಬದಲಿಸುವುದಕ್ಕಾಗಿಯೇ ಬದಲಿಸಿದೆ. ಆದರೆ 2005ರ, 1,26,000 ಮೈಲಿಯ ಗಾಡಿಗೆ 23,000 ಕೇಳಿದರು. 2009ರಲ್ಲಿ ತಯಾರಿಕೆ ನಿಂತ ಗಾಡಿ, ವಿರಳವಾದಷ್ಟೂ ದರ ಏರುತ್ತಿತ್ತು. ಸ್ಟಿಯರಿಂಗ್ ಮೇಲೆ ಕೆಳಗೆ ಹೋಗುವುದಿಲ್ಲ, ಮುಂದೆ ಹಿಂದೆಯೂ ಬರುವುದಿಲ್ಲ. ನನ್ನ ಆರಡಿಗೆ ಮೊಣಕಾಲು ತಾಗುತ್ತಲೇ ಇತ್ತು.

ಇನ್ನೊಂದು ಬಾಕ್ಸ್‌ಸ್ಟರ್ 6,000ಕ್ಕೆ ಇತ್ತು. 20 ಡಾಲರಿನ ಸ್ಕ್ಯಾನರ್ ಚುಚ್ಚಿದೆ. ಹೊಗೆ ಪರೀಕ್ಷೆಗೆ ಮುನ್ನ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹಂತಗಳಲ್ಲಿ ಹೆಚ್ಚಿನವು ‘ಪೂರ್ಣವಾಗಿಲ್ಲ’ ಎಂದು ತೋರಿಸಿದವು. ಅಂದರೆ ಎಚ್ಚರಿಕೆಯ ದೀಪವನ್ನು ಆಗಷ್ಟೇ ಅಳಿಸಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯ ಪತ್ರವನ್ನು ಕೊಡಬೇಕಾದವರು ಮಾರುವವರೇ. ಪತ್ರ ಬಂದ ಮೇಲೆ ಮಾತಾಡೋಣ ಎಂದು ಬಂದೆ. ಅವರು ಮತ್ತೆ ಕರೆಯಲಿಲ್ಲ.

ಎರಡು ವರ್ಷದಲ್ಲಿ ನನ್ನ ಗಾಡಿ 15 ಸಾವಿರ ಮೈಲಿ ಓಡಿದೆ. ಶಾಕ್ ಅಬ್ಸಾರ್ಬರುಗಳಿಗೆ ಅಂದಾಜಿಗಿಂತ ಸ್ವಲ್ಪ ಕಡಿಮೆ, 2,280 ಆಯಿತು. ಟೈರು ಮತ್ತು ಕೇಬಲ್‌ಗಳಿಗೆ ಎಣಿಸಿದಷ್ಟೇ. ಎಣಿಸದೆ ಬಂದದ್ದು ಒಂದೇ: ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಹಿಂದೆ ಬಿಳಿ ಹೊಗೆಯ ಮೋಡ ಎದ್ದಿತು. ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗದ ಒಳಪೊರೆ ಹರಿದಿತ್ತು, 650 ಡಾಲರ್. ಇಂಥದಕ್ಕೆಂದೇ ಬ್ಯಾಂಕಿನಲ್ಲಿ ಹಣ ಉಳಿಸಿದ್ದೆ. ಕೊಂಡದ್ದೂ ಸೇರಿ, ತೆರಿಗೆ ಮತ್ತು ಪರೀಕ್ಷೆಯ 300 ಬಿಟ್ಟು, ಒಟ್ಟು 12,480. ಇಂದು 8,000ಕ್ಕೆ ಮಾರಿದರೂ ಮೈಲಿಗೆ 30 ಸೆಂಟ್.

ಯಾರಾದರೂ ಕೇಳಿದರೆ ಈಗ ನಾನು ಹೇಳುವ ಮೇಲ್ಮಿತಿ ಇದು: ಒಂದೂವರೆ ಲಕ್ಷ ಮೈಲಿ, ದಪ್ಪ ಕಡತ, ಬೇರಿಂಗ್ ಬದಲಿಸಿದ ರಸೀದಿ ಇರುವ ಎಸ್ ಮಾದರಿಗೆ 9,000. ಅಷ್ಟೇ ಓಡಿ ಕಡತವಿಲ್ಲದ್ದಕ್ಕೆ 5,000. 50 ಸಾವಿರ ಮೈಲಿ ಓಡಿ, ಹೊಳೆಯುವ ಬಣ್ಣವಿದ್ದು, ಒಂದೂ ರಸೀದಿ ಇಲ್ಲದ್ದಕ್ಕೆ 7,500, ಅದೂ ಸೀಟಿನ ಕೆಳಗಿನ ಕಾರ್ಪೆಟ್ ಒಣಗಿದ್ದರೆ ಮಾತ್ರ. ನನ್ನ ಗಾಡಿಯ ರಂಧ್ರಗಳಿಗೆ ಪ್ರತಿ ಅಕ್ಟೋಬರಿನಲ್ಲಿ, ಮೊದಲ ಮಳೆಗೆ ಮುನ್ನ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಇಳಿಸಿ, ಮೇಲಿನಿಂದ ನೀರು ಬಿಟ್ಟು, ಅದು ಚಕ್ರದ ಮುಂದೆ ನೆಲಕ್ಕೆ ಬೀಳುವವರೆಗೂ ಕಾಯುತ್ತೇನೆ.