ಸ್ಟುಡಿಯೋ ಸೀಲಿಂಗಿಗೆ ಪಿರಮಿಡ್ ಫೋಮ್ ಅಂಟಿಸಲು ಬರುವವರಿಗೆ ಅಡ್ವಾನ್ಸ್ ಕೊಡಬೇಡಿ

ಬೆಂಗಳೂರಲ್ಲಿ ಮನೆಯ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಳ್ಳುತ್ತಿರುವವರು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ನನ್ನದು 12 ಅಡಿಗೆ 10 ಅಡಿ ಕೋಣೆ, 10 ಅಡಿ ಎತ್ತರದ ಆರ್‌ಸಿಸಿ ಸೀಲಿಂಗ್. ಕೊಟೇಶನ್‌ನಲ್ಲಿ ಇದ್ದದ್ದು: 50 ಎಂಎಂ ಅಕೌಸ್ಟಿಕ್ ಫೋಮ್, ಎನ್‌ಆರ್‌ಸಿ 0.95 (ಎಷ್ಟು ಸದ್ದು ಹೀರುತ್ತದೆ ಅನ್ನುವ ಅಂಕಿ), ಫೈರ್ ರಿಟಾರ್ಡೆಂಟ್ (ಬೇಗ ಬೆಂಕಿ ಹತ್ತದ್ದು), ಚದರಡಿಗೆ 180 ರೂಪಾಯಿ. ಒಟ್ಟು 21,600. ಬಂದದ್ದು ಏನು? ಬುಡ 20 ಎಂಎಂ, ಅದರ ಮೇಲೆ 30 ಎಂಎಂ ಮೊನೆ. ಮೊನೆಯ ತುದಿವರೆಗೆ ಟೇಪ್ ಹಿಡಿದು 50 ಅಂದಿದ್ದಾರೆ! ಕೇಳಿದರೆ, "ಸಾರ್, ಎಲ್ರೂ ಹಂಗೇ ಅಳೆಯೋದು."

ಅಂಟಿಸಿದ ಮೇಲೆ ಚಪ್ಪಾಳೆ ತಟ್ಟಿದರೆ ಝಣಝಣ ಇಲ್ಲ. ಅಷ್ಟೇ ಆದದ್ದು. ಕೋಣೆ ಮಂಕಾಯಿತು, ಆದರೆ ಧ್ವನಿಯ ಗೊಜಗೊಜ ಹಾಗೇ ಉಳಿಯಿತು. ಕಾರಣ ಲೆಕ್ಕದಲ್ಲೇ ಇದೆ. ಕಿವಿ, ಸ್ಪೀಕರ್ ಎರಡೂ ನೆಲದಿಂದ 4 ಅಡಿ, ನಡುವೆ 4 ಅಡಿ ದೂರ ಅಂತಿಟ್ಟುಕೊಳ್ಳಿ. ಸೀಲಿಂಗಿಗೆ ಬಡಿದು ಬರುವ ಸದ್ದು ಸುಮಾರು ಎಂಟೂವರೆ ಅಡಿ ಹೆಚ್ಚು ದಾರಿ ಸವೆಸಿ ಬರುತ್ತದೆ. ನೇರ ಸದ್ದಿನ ಜೊತೆ ಸೇರಿ 65, 196, 327 ಹರ್ಟ್ಜ್ ಆಸುಪಾಸಿನಲ್ಲಿ ಕಡಿತ ಮಾಡುತ್ತದೆ. ಗಾಯನದ ಮೈ ಇರುವ ಜಾಗವೇ ಅದು. ಸೀಲಿಂಗಿಗೆ ಅಂಟಿಕೊಂಡ ಈ ತೆಳು ಫೋಮ್ ಅಲ್ಲಿ ಹೆಚ್ಚೇನೂ ಹೀರುವುದಿಲ್ಲ, ಅದು ಚೆನ್ನಾಗಿ ತಿನ್ನುವುದು ಸಾವಿರ ಹರ್ಟ್ಜ್ ಆಸುಪಾಸು ಮತ್ತು ಅದರ ಮೇಲಿನದನ್ನು.

ಹಾಗಾದರೆ 0.95 ಎಲ್ಲಿಂದ ಬಂತು? ಟೆಸ್ಟ್ ರಿಪೋರ್ಟ್ ಕೇಳಿ ಕೇಳಿ ಕೊನೆಗೆ ವಾಟ್ಸಾಪಿನಲ್ಲಿ ಬಂತು. ಮೌಂಟಿಂಗ್ ಅನ್ನುವ ಸಾಲಿನಲ್ಲಿ ಇ-400! ಅಂದರೆ ಹಿಂದೆ 400 ಎಂಎಂ ಗಾಳಿ ಬಿಟ್ಟು ಮಾಡಿದ ಪರೀಕ್ಷೆ. ಮಾದರಿಯೋ, 100 ಎಂಎಂ ದಪ್ಪದ ಸಪಾಟು ಹಲಗೆ. ಬೇರೆ ಮಾಲಿನ, ಬೇರೆ ಜೋಡಣೆಯ ಅಂಕಿ ತೋರಿಸಿ ಈ ಸ್ಪಂಜು ಮಾರಿದ್ದಾರೆ. ಹೇಳಿಕೊಳ್ಳಲು ಮುಜುಗರ, ಆದರೆ ಆ ಸಾಲು ಓದಿದಾಗ ಮೈ ಉರಿದುಹೋಯಿತು. ಅದಕ್ಕೆ ಬಂದ ಉತ್ತರ: "ಎನ್‌ಆರ್‌ಸಿ ಎಲ್ಲಾ ಒಂದೇ ಸಾರ್. ಬಾಸ್ ಬೇಕಾದ್ರೆ ಮೂಲೆಗೆ ಟ್ರ್ಯಾಪ್ ಹಾಕ್ಸಿ, ಎಕ್ಸ್‌ಟ್ರಾ ಆಗತ್ತೆ." ಎನ್‌ಆರ್‌ಸಿ ಅಂದರೆ 250, 500, 1000, 2000 ಹರ್ಟ್ಜ್‌ಗಳ ಸರಾಸರಿ ಮಾತ್ರ. ಬಾಸಿನ 125 ಹರ್ಟ್ಜ್ ಅದರಲ್ಲಿ ಇಲ್ಲವೇ ಇಲ್ಲ. ಮಾರುವಾಗ "ಮೇಲಿನ ಮನೆ ಸದ್ದೂ ನಿಲ್ಲತ್ತೆ" ಅಂದಿದ್ದರು, ಅದೂ ಸುಳ್ಳು. ಸದ್ದು ತಡೆಯಲು ತೂಕ ಬೇಕು, ಫೋಮಿಗೆ ತೂಕ ಎಲ್ಲಿದೆ?

ಆಮೇಲೆ ತುಂಡುಗಳು ಉದುರತೊಡಗಿದವು. ಡಿಸ್ಟೆಂಪರ್ ಮೇಲೆ ನೇರ ಅಂಟು ಹಚ್ಚಿದರೆ ಪುಟ್ಟಿ ಸಮೇತ ಕಿತ್ತು ಬರುತ್ತದೆ. "ನಿಮ್ಮ ಪೇಂಟೇ ಸರಿ ಇಲ್ಲ ಸಾರ್" ಅಂದರು. ದುಡ್ಡು ವಾಪಸ್? "ಕಟ್ ಮಾಡಿದ ಮಾಲು ತಗೊಳಲ್ಲ."

ಎಲ್ಲಕ್ಕಿಂತ ಸಿಟ್ಟು ಬರುವುದು ಫೈರ್ ರಿಟಾರ್ಡೆಂಟ್ ಮಾತಿಗೆ. ಉದುರಿದ ತುಣುಕನ್ನು ಹೊರಗೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರೆ ಭಗ್ ಅಂತ ಹತ್ತಿ, ಉರಿಯುವ ಹನಿ ತೊಟ್ಟಿಕ್ಕಿತು. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ ಪಟಾಕಿ ಕಿಡಿ ಹತ್ತಿದ್ದು ಇಂಥ ಪಾಲಿಯುರೆಥೇನ್ ಫೋಮಿಗೇ. 100 ಜನ ಸತ್ತರು. ಇದನ್ನು ತಲೆ ಮೇಲೆ ಅಂಟಿಸಿಕೊಂಡು ಕೂರಬೇಕಾ?

ಮಾಡಿಸುವುದಾದರೆ ಕ್ಲೌಡ್, ಅಂದರೆ ಸೀಲಿಂಗಿನಿಂದ ತೂಗುಬಿಡುವ ಸದ್ದು ಹೀರುವ ಹಲಗೆ, ಮಾಡಿಸಿ. 4 ಅಡಿಗೆ 2 ಅಡಿಯ, 50 ಎಂಎಂ, 48 ಸಾಂದ್ರತೆಯ (ಘನ ಮೀಟರಿಗೆ 48 ಕಿಲೋ) ರಾಕ್‌ವೂಲ್ (ಕಲ್ಲಿನ ನಾರು) ಹಲಗೆ ಆರು ಸಾಕು: ಪಕ್ಕಪಕ್ಕ ಮೂರು, ಎರಡು ಪದರ. 6 ಅಡಿಗೆ 4 ಅಡಿ ಆಗುತ್ತದೆ. ವೂಲ್ ಮಾತ್ರವೇ ಹತ್ತು ಕಿಲೋ ಮೀರುತ್ತದೆ, ಮೇಲೆ ಮರದ ಫ್ರೇಮಿನ ಭಾರ. ಹಾಗಾಗಿ ಕೊಕ್ಕೆಗಳು ಸ್ಲ್ಯಾಬಿನ ಕಾಂಕ್ರೀಟಿಗೇ ಆಂಕರ್ ಆಗಬೇಕು, ಪಿಒಪಿ ಫಾಲ್ಸ್ ಸೀಲಿಂಗಿಗಲ್ಲ. ಫ್ಯಾನ್ ಬಾಕ್ಸಿನ ಸಾಲಿನಲ್ಲಿ ಡ್ರಿಲ್ ಮಾಡಿಸಬೇಡಿ, ವೈರಿನ ಪೈಪ್ ಇರುತ್ತದೆ. ಸ್ಲ್ಯಾಬಿಗೂ ಕ್ಲೌಡಿಗೂ ನಡುವೆ 100 ಎಂಎಂ ಬಿಡಿ, ಆಗ 200 ಹರ್ಟ್ಜ್ ಸುತ್ತಲೂ ಹಿಡಿತ ಸಿಗುತ್ತದೆ. ಮೇಲೆ ಹೊದಿಸುವ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಗಾಳಿ ಆಚೆ ಹೋಗಬೇಕು, ಒಳಗೆ ನಾರು ಉದುರದಂತೆ ತೆಳು ಟಿಶ್ಯೂ ಇರಲಿ. ದಪ್ಪ, ಸಾಂದ್ರತೆ, ಮೌಂಟಿಂಗ್ ಮೂರನ್ನೂ ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದವರನ್ನು ಬಾಗಿಲಿಂದಲೇ ಕಳಿಸಿ.