ಹೆಗಲ ಮೇಲೆ ಕೈ ಹಾಕಿಸಿದ ಸ್ಟುಡಿಯೋ

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಹಳೇ ಫೋಟೋ ಸ್ಟುಡಿಯೋ ಇದೆ. "ಆನ್‌ಲೈನ್ ಗೀನ್‌ಲೈನ್ ಎಲ್ಲ ಬೇಡಪ್ಪಾ" ಅಂದರು ಮಾಲೀಕರು, ಅದಕ್ಕೇ ಹೆಸರು ಹಾಕುತ್ತಿಲ್ಲ. ಅರ್ಜೆಂಟ್ ಇದ್ದರೆ ಹೋಗಬೇಡಿ. ಪಾರ್ಕಿಂಗ್ ಇಲ್ಲ, ಕರೆಂಟ್ ಹೋದರೆ ಬರುವ ತನಕ ಬೆಂಚೇ ಗತಿ.

ನಾನು ಹೋಗಿದ್ದು ಗೆಳೆಯನ ವೀಸಾ ಫೋಟೋಗೆ. ಕರೆಂಟ್ ಹೋಯಿತು, ಕೂತೆವು. ಗೋಡೆ ತುಂಬ ಕಪ್ಪು ಬಿಳುಪು ಫೋಟೋಗಳು. ಬೆಲ್ ಬಾಟಮ್ ಹಾಕಿದ ಹುಡುಗರು ಒಬ್ಬರ ತೊಡೆ ಮೇಲೆ ಇನ್ನೊಬ್ಬರು ಕೈ ಇಟ್ಟು ಕೂತಿದ್ದಾರೆ, ಇಬ್ಬರು ಕಿರುಬೆರಳು ಹಿಡಿದು ನಿಂತಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಸಿನಿಮಾ ನೋಡಿ ನೇರ ಇಲ್ಲಿಗೇ ಬರುತ್ತಿದ್ದರಂತೆ. "ಈಗಿನವರ ಮಧ್ಯೆ ಒಂದು ಬಿಎಂಟಿಸಿ ಬಸ್ಸು ಹೋಗುತ್ತೆ" ಅಂದರು ಮಾಲೀಕರು.

ನನಗೆ ಚುರುಕ್ ಅಂತು. ಯಾಕೆಂದರೆ ನಾವಿಬ್ಬರೂ ಶಾಲೆಯಿಂದ ಗಳಸ್ಯ ಕಂಠಸ್ಯ, ಆದರೆ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವನು. ಅವನು ಗೇ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್, ಗೇ ಸಂಬಂಧವನ್ನೇ ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್‌ನ ಹಲ್ಲು ಕಿತ್ತಿತಲ್ಲ, ಅದಾದ ವಾರಕ್ಕೆ ದರ್ಶಿನಿಯಲ್ಲಿ ಬೈಟು ಕಾಫಿ ಮುಂದೆ ಹೇಳಿದ್ದ. "ಅದಕ್ಕೇನೀಗ, ಕಾಫಿ ಆರುತ್ತೆ ಕುಡಿ" ಅಂದಿದ್ದೆ. ಎಷ್ಟು ದೊಡ್ಡ ಮನಸ್ಸು ನಂದು ಅಂತ ನನಗೇ ಹೆಮ್ಮೆ! ಅವತ್ತಿಂದ ಅವನ ಹೆಗಲ ಮೇಲೆ ಕೈ ಹಾಕಿಲ್ಲ ಅನ್ನೋದು ಮಾತ್ರ ಆ ಬೆಂಚಿನ ಮೇಲೆ ಕೂತಾಗಲೇ ಹೊಳೆದಿದ್ದು.

ಹಳೇ ಕಾಲವೇ ಚೆನ್ನಾಗಿತ್ತು ಅಂತಲ್ಲ. ಆಗ ಗಂಡಸರು ಕೈ ಹಿಡಿದು ಓಡಾಡಿದರೆ ಯಾರೂ ಕೇಳುತ್ತಿರಲಿಲ್ಲ ನಿಜ, ಅದು ಯಾರಿಗೂ ಅನುಮಾನ ಬರದೇ ಇದ್ದಿದ್ದಕ್ಕೆ. ಬಾಯಿ ಬಿಟ್ಟಿದ್ದರೆ ಮುಂದಿನ ಮುಹೂರ್ತಕ್ಕೇ ಮದುವೆ ಮಾಡಿ ಮುಗಿಸುತ್ತಿದ್ದರು, ಅಲ್ವಾ? ಈಗ ಗೇ ಅನ್ನೋ ಪದ ಎಲ್ಲರಿಗೂ ಗೊತ್ತು, 2008ರಿಂದ ನಮ್ಮೂರಲ್ಲೇ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಆದರೂ ಅವನ ಅಮ್ಮ ಇನ್ನೂ ಜಾತಕ ಹಿಡಿದು ಓಡಾಡುತ್ತಾರೆ, ಅವನಿಗೆ ಬೇಕಾದ ಮದುವೆಯನ್ನು 2023ರ ಅಕ್ಟೋಬರ್‌ನಲ್ಲಿ ಕೋರ್ಟೂ ಒಪ್ಪಲಿಲ್ಲ. ಇಷ್ಟರ ಮಧ್ಯೆ "ಜನ ಏನಂದುಕೊಳ್ತಾರೋ" ಅಂತ ಕೈ ಹಿಂದಕ್ಕೆ ಎಳೆದುಕೊಂಡವನು ಗೇ ಅಲ್ಲದ ನಾನು.

ಕರೆಂಟ್ ಬಂತು. ವೀಸಾ ಫೋಟೋ ಆದಮೇಲೆ ಮಾಲೀಕರು "ಜೊತೆಗೊಂದು ತೆಗೀತೀನಿ" ಅಂತ ನನ್ನ ಕೈ ಎತ್ತಿ ಅವನ ಹೆಗಲ ಮೇಲೆ ಇಟ್ಟೇಬಿಟ್ಟರು. ಲೈಟ್ ಹಿಡಿದಿದ್ದ ಹುಡುಗ "ಏನಣ್ಣ, ಕಪಲ್ ಫೋಟೋನಾ?" ಅಂತ ಕಿಸಕ್ಕನೆ ನಕ್ಕ. ನಾನು ಕೈ ತೆಗೆಯೋದರೊಳಗೆ ಗೆಳೆಯನೇ ಅಂದ, "ಇವನಾ? ನನಗೂ ಒಂದು ಟೇಸ್ಟ್ ಅಂತ ಇದೆಯಪ್ಪಾ." ಮಾಲೀಕರು ನಗಲೂ ಇಲ್ಲ, ಬೈಯಲೂ ಇಲ್ಲ. "ಗದ್ದ ಇಳಿಸಿ" ಅಂದರು, ಕ್ಲಿಕ್ ಮಾಡಿದರು.

ಇನ್ನು ಕೆಲಸದ ವಿಷಯ. ವೀಸಾ ಫೋಟೋದಲ್ಲಿ ಕಿವಿ ಮೇಲೆ ನೆರಳು ಬಿದ್ದು ಇನ್ನೊಂದು ಸಲ ಹೋಗಬೇಕಾಯಿತು. ಎರಡು ದಿನ ಅಂದ ಪ್ರಿಂಟ್‌ಗೆ ಎಂಟು ದಿನ. ಅದಕ್ಕೆ ಒಂದು ಸ್ಟಾರ್ ಕಟ್. ಜೋಡಿ ಫೋಟೋ ಮಾತ್ರ ಚೆನ್ನಾಗಿ ಬಂದಿದೆ, ನನ್ನ ಕಣ್ಣು ಅರ್ಧ ಮುಚ್ಚಿದೆ ಅನ್ನೋದು ಬಿಟ್ಟರೆ. ಎರಡು ಕಾಪಿ ಹಾಕಿಸಿದೆ, ಒಂದು ಅವನ ಸೂಟ್‌ಕೇಸ್‌ಗೆ.